ಎರಡೂ ಬದಿ ಬರೆದ ಕಾಗದ

ಆ ಕಾಗದದ ಕಟ್ಟಿಗೆ ನಾನು ಕೊಟ್ಟದ್ದು ಕಿಲೋಗೆ ಒಂಬತ್ತು ರೂಪಾಯಿ. ಎರಡೂ ಬದಿ ಬರೆದ ಕಾಗದಕ್ಕೆ ಬೆಳಗಾವಿಯ ನನ್ನ ರದ್ದಿ ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ. ಹಣ ತೆಗೆದುಕೊಂಡ ಸರ್ ಅವರ ಬಲಗೈ ಅಂಚು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಪೆನ್ಸಿಲ್ ಮಸಿಯಿಂದ ಹೊಳೆಯುತ್ತಿತ್ತು.

ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಒಂದು ಬದಿ ಖಾಲಿ ಇರುವ ಹಾಳೆಗಳನ್ನು ನನ್ನಿಂದಲೇ ಕೊಂಡು, ಲೆಕ್ಕ ಮಾಡಿ ತುಂಬಿಸಿ, ತಿಂಗಳ ಕೊನೆಗೆ ಮತ್ತೆ ನನಗೇ ತೂಕಕ್ಕೆ ಹಾಕುತ್ತಿದ್ದರು. ಚೌಕಾಶಿ ಗೊತ್ತೇ ಇಲ್ಲದ ಗಿರಾಕಿ.

‘ಏನ್ ಲೆಕ್ಕಾರೀ ಸರ, ಇಷ್ಟ್ ವರ್ಷಾದ್ರೂ ಮುಗೀವಲ್ದು?’ ಎಂದು ಕೆಣಕಿದ್ದೆ.

‘ನಿಮ್ಮ ಅಟ್ಟಕ್ಕ ಹತ್ತೂ ಪಾವಟಿಗಿ ಇದ್ದಂಗ ಪರಮಾಣುವಿಗೂ ಶಕ್ತಿಯ ಪಾವಟಿಗಿ ಇರ್ತಾವ, ತಮ್ಮಾ. ಎರಡರ ನಡುವ ನಿಂದ್ರಾಕ ಬರೂದಿಲ್ಲ. ಅದನ್ನ ಪಾವಟಿಗೀನ ಇಲ್ಲದ ಬಯಲಿಗೆ ಜೋಡಿಸು. ಮ್ಯಾಲಿನ ಪಾವಟಿಗಿ ಶಕ್ತಿ ಸೋರಿ ಹೋಗತೈತಿ. ಹೋಗಾಕ ಜಾಗಾ ಲೆಕ್ಕಾ ಇಲ್ಲದಷ್ಟು, ಹಂಗಾಗಿ ತಿರಿಗಿ ಬರೂದಿಲ್ಲ.’

‘ಎಲ್ಲಾ ಸೋರೂದ ಏನ್ರೀ?’

‘ಒಂದೊಂದು ಪಾವಟಿಗಿ ಸೋರೂದಿಲ್ಲೋ ಮಾರಾಯಾ! ಬಯಲಿನ ನಡುವನ ಇದ್ರೂ, ಹೊರಗ ಹೋಗೂ ಹಾದಿ ಒಂದನ್ನೊಂದು ಅಳಿಸಿಬಿಡ್ತಾವ. ಅದರ ಮ್ಯಾಲ ಕನ್ನಡದಾಗ ಪುಸ್ತಕಾ ಬರಿಯಾಕ್ಹತ್ತೇನಿ.’

ಆ ಪುಸ್ತಕವನ್ನೂ ಅದೇ ರದ್ದಿ ಹಾಳೆಯಲ್ಲೇ ಬರೆಯುತ್ತಿದ್ದರು. ಇದ್ದದ್ದು ಒಂದೇ ಪ್ರತಿ. ಕಣ್ಣು ಮಂಜಾಗುತ್ತ ಬಂದಿತ್ತು. ಮೊದಲು ಹೇಳಿದ ಆ ಕಟ್ಟಿನಲ್ಲಿ, ಕಚ್ಚಾ ಲೆಕ್ಕದ ಬದಲು ಗೊತ್ತಾಗದೆ ಪುಸ್ತಕವನ್ನೇ ಕಟ್ಟಿ ತಂದಿದ್ದರು.

‘ಒಮ್ಮೆ ಬಿಚ್ಚಿ ನೋಡು ತಮ್ಮಾ, ಈ ಸಲ ಭಾರ ಅನಸ್ತೈತಿ’ ಅಂದಿದ್ದರು.

‘ಲಾರಿ ನಿಂತೈತ್ರೀ ಸರ. ಬಿಚ್ಚಿದ್ರ ತಿರಿಗಿ ಕಟ್ಟಾವ್ರು ಯಾರು?’ ಅಂದೆ ನಾನು.

ಮರುದಿನ ಬೆಳಿಗ್ಗೆ ಗೊತ್ತಾಗಿ ಓಡಿ ಬಂದರು. ಇಬ್ಬರೂ ಬಸ್ ಹಿಡಿದು, ಲಾರಿ ಮಾಲು ಇಳಿಸಿದ್ದ ಖಾನಾಪುರದ ಸಗಟು ಗೋಡೌನಿಗೆ ಹೋದೆವು. ಮಾಲೀಕ ಗುಡ್ಡದಷ್ಟು ಕಾಗದ ತೋರಿಸಿದ: ‘ಎಲ್ಲಾ ಬಿಚ್ಚಿ ಕೂಡಿಸೇವ್ರೀ. ಅರ್ಧಾ ಮಾಲ ಮುಂಜಾನೇನ ಕಾಗದದ ಗಿರಣಿಗೆ ಹೋತು.’

ಸಂಜೆಯವರೆಗೂ ಆರಿಸಿದೆವು. ಹನ್ನೊಂದು ಹಾಳೆ ಸಿಕ್ಕವು. ಅವುಗಳಲ್ಲಿ ಒಂದರ ಹಿಂದೆ ಒಂದು ಬರುವ ಪುಟ ಎರಡು ಕೂಡ ಇರಲಿಲ್ಲ.

ಬಸ್ಸಿನಲ್ಲಿ ಹೇಳಿದೆ: ‘ಮತ್ತ ಬರೀರಿ ಸರ. ಹೊಸಾ ಕಾಗದ ಫುಕಟ ಕೊಡ್ತೀನಿ.’ ಜನ್ಮದಲ್ಲಿ ಬಿಟ್ಟಿ ಕೊಡುವ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

‘ಕಣ್ಣು ಯಾರು ಕೊಡ್ತಾರೋ?’ ಎಂದರು. ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ಅವರು ಒಂದು ಹಾಳೆಯನ್ನೂ ಕೊಳ್ಳಲಿಲ್ಲ. ಹೋದ ವರ್ಷ ತೀರಿಕೊಂಡರು. ಹನ್ನೊಂದು ಹಾಳೆಗಳನ್ನು ಒಬ್ಬ ಪ್ರಾಧ್ಯಾಪಕರಿಗೆ ತೋರಿಸಿದೆ. ಹಿಂದುಮುಂದು ಇಲ್ಲದೆ ಇದರಿಂದ ಏನೂ ತಿಳಿಯದು ಎಂದು ವಾಪಸು ಕೊಟ್ಟರು.

ನೀವು ಏನನ್ನಾದರೂ ಬರೆಯುತ್ತಿದ್ದರೆ ಅಂದಂದಿನ ಪುಟ ಅಂದೇ ಝೆರಾಕ್ಸ್ ಮಾಡಿಸಿ, ಬೇರೆಯವರ ಮನೆಯಲ್ಲಿಡಿ. ರದ್ದಿ ಹಾಕುವಾಗ ಕಟ್ಟನ್ನು ನಿಮ್ಮೆದುರೇ ಬಿಚ್ಚಿಸಿ. ಅಂಗಡಿಯವನು ಅವಸರ ಮಾಡಿದರೆ ದರ ಎಷ್ಟೇ ಹೇಳಲಿ, ಎತ್ತಿಕೊಂಡು ಮನೆಗೆ ಹೋಗಿ.