ನಾರಾಯಣಮ್ಮನ ಹಾಲಿಗೆ ಬಿಟ್ಟ ಕೊಳವೆ

ಮೂವತ್ತು ವರ್ಷ ಟೀವಿಯಲ್ಲಿ ಮಕ್ಕಳಿಗೆ ವಿಜ್ಞಾನದ ಪ್ರಯೋಗ ಮಾಡಿ ತೋರಿಸಿದ ನನಗೆ, ನಿವೃತ್ತನಾದ ಮೇಲೆ ಪಾಠ ಹೇಳಿದವರು ಯಾರಿರಬಹುದು, ಊಹಿಸಿ ನೋಡೋಣ!

ವಕ್ಕಲೇರಿ ಕಡೆಯ ಒಂದು ಶಾಲೆಗೆ ಕರೆದಿದ್ದರು. ಹಾಲಿಗೆ ನೀರು ಬೆರೆಸಿದ್ದರೆ ಹಿಡಿದುಕೊಡುವ ಉಪಕರಣವನ್ನು ಮಕ್ಕಳ ಕೈಯಲ್ಲೇ ಮಾಡಿಸಿದೆ. ಜ್ಯೂಸ್ ಕುಡಿಯುವ ಕೊಳವೆ, ಅದರ ತುದಿಗೆ ಜೇಡಿಮಣ್ಣು, ಅಷ್ಟೇ. ತಣ್ಣನೆಯ ಗಟ್ಟಿ ಹಾಲಿನಲ್ಲಿ ತೇಲಿಸಿ, ಹಾಲಿನ ಮಟ್ಟಕ್ಕೆ ಗುರುತು ಹಾಕಿದೆವು. "ಈ ಗುರುತು ಮುಳುಗಿದರೆ ನೀರು ಹಾಲು" ಎಂದೆ. ಅಷ್ಟರಲ್ಲಿ ಶಾಲೆಯ ಅಡುಗೆಯ ನಾರಾಯಣಮ್ಮ ನನ್ನ ಕಾಫಿಗೆಂದು ತಮ್ಮ ಹಸುವಿನ ಹಾಲು ಕಾಯಿಸಿ ತಂದರು. ಹುಮ್ಮಸ್ಸಿನಲ್ಲಿ ಅದಕ್ಕೂ ಕೊಳವೆ ಬಿಟ್ಟೆ. ಗುರುತು ಮುಳುಗಿಯೇ ಹೋಯಿತು!

"ನಾರಾಯಣಮ್ಮಕ್ಕಂದು ನೀರು ಹಾಲು!" ಎಂದು ಮಕ್ಕಳೆಲ್ಲ ಕೂಗಿದರು.

"ಏನ್ ಸಾರ್, ದಿನಾ ಡೈರಿಗೆ ಹಾಲು ಹಾಕೋಳು ನಾನು. ಊರಲ್ಲಿ ಮರ್ಯಾದೆ ತೆಗೀತೀರಾ? ಬಿಸಿ ಹಾಲಲ್ಲಿ ಬಿಟ್ರೆ ಮುಳುಗ್ದೆ ಇನ್ನೇನ್ ಮಾಡ್ತದೆ? ಆರಿಸಿ ಬಿಟ್ಟು ನೋಡಿ!"

ಆರಿಸಿ ಬಿಟ್ಟೆವು. ಗುರುತು ಮೇಲೆದ್ದು ನಿಂತಿತು. ಬಿಸಿಯಾದ ಹಾಲು ಹಗುರವಾಗುತ್ತದೆಂದು ಟೀವಿಯಲ್ಲಿ ನಾನೇ ಎಷ್ಟು ಸಲ ಹೇಳಿದ್ದೆನೋ! ಚಪ್ಪಾಳೆಯೆಲ್ಲ ಆಕೆಗೇ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು.

"ಅಲ್ಲ ಸಾರ್, ಇವತ್ತೇನು ವಿಶೇಷ ಅಂತ ನಿಮ್ಮನ್ನ ಕರೆಸಿದ್ದು?" ಎಂದು ನಾರಾಯಣಮ್ಮ ಕಾಫಿ ಕೊಡುತ್ತ ಕೇಳಿದರು.

ಅಂದು ಫೆಬ್ರವರಿ ಇಪ್ಪತ್ತೆಂಟು, ರಾಷ್ಟ್ರೀಯ ವಿಜ್ಞಾನ ದಿನ.