ನೀರಾರುವಷ್ಟು ಹೊತ್ತು

ಇವತ್ತು ಮಾಡಿದ್ದು ಇಷ್ಟು. ಬೆಳಿಗ್ಗೆ ನಳಕ್ಕೆ ನೀರು ಬಂತು, ಎರಡು ಡ್ರಮ್ಮು, ನಾಲ್ಕು ಕೊಡ ತುಂಬಿದೆ. ಅಂಗಳ ಗುಡಿಸಿದೆ. ಹೆಸರುಕಾಳು ನೆನೆಹಾಕಿದೆ. ಮನೆಯವರ ಬಿಪಿ ಗುಳಿಗೆ ಕಣ್ಣಿಗೆ ಬೀಳುವ ಹಾಗೆ ಚಹಾದ ಕಪ್ಪಿನ ಪಕ್ಕ ಇಟ್ಟೆ. ಕಚೇರಿಯಲ್ಲಿ ಪಹಣಿ ತಿದ್ದುಪಡಿಯ ಅರ್ಜಿಗಳನ್ನು ನೋಡಿದೆ. ಮಧ್ಯಾಹ್ನದ ಮೇಲೆ ಸರ್ವರ್ ಹೋಯಿತು, ಬಂತು, ಮತ್ತೆ ಹೋಯಿತು. ಬರುವಾಗ ಒಂದು ಸಿವುಡು ಪುಂಡಿಪಲ್ಯ, ಎಳೆಯ ಸೌತೆಕಾಯಿ ತಂದೆ. ಒಣಗಿದ ಬಟ್ಟೆ ಮಡಚಿದೆ. ರೊಟ್ಟಿ ಬಡಿದೆ. ಅದರಲ್ಲಿ ಒಂದು ಸೀದು ಹೋಯಿತು.

ಸೀದದ್ದು ನನ್ನ ತಪ್ಪಿನಿಂದಲೇ. ಒಲೆಯ ಪಕ್ಕ ಹಿಟ್ಟಿನ ಡಬ್ಬಿಗೆ ಆನಿಸಿ ನನ್ನ ಚಿತ್ರದ ನೋಟ್‌ಬುಕ್ಕು ಇಟ್ಟುಕೊಂಡಿದ್ದೆ. ಪುಂಡಿಪಲ್ಯದ ಸೊಪ್ಪಿನ ಒಂದು ಕಡ್ಡಿ ಎದುರಿಗಿಟ್ಟುಕೊಂಡು ಅದರ ಚಿತ್ರ ಬರೆಯುತ್ತಿದ್ದೆ. ಎಲೆಯ ಅಂಚಿಗೆ ಸಣ್ಣ ಸಣ್ಣ ಹಲ್ಲು ಇರುತ್ತವಲ್ಲ, ಒಂದು ಇದ್ದ ಹಾಗೆ ಇನ್ನೊಂದು ಇರಲಿಲ್ಲ. ಅದನ್ನೇ ನೋಡುತ್ತ ನಿಂತೆ...

"ಏನೋ ಕರಕಾಗಾಕತ್ತೈತಿ ನೋಡು," ಎಂದು ಪಡಸಾಲೆಯಿಂದ ಮನೆಯವರು ಕೂಗಿದರು.

ಸೀದ ಜೋಳದ ವಾಸನೆ ಬೇರೆ ಯಾವ ವಾಸನೆಯ ಹಾಗೂ ಇರುವುದಿಲ್ಲ. ಅದು ಮೂಗಿಗೆ ಬಡಿದದ್ದೇ ತಡ, ನಾನು ಕೊಪ್ಪಳದ ಈ ಅಡುಗೆಮನೆಯಿಂದ ಯಲಬುರ್ಗಾಕ್ಕೆ ಹೋಗಿಬಿಟ್ಟೆ. ಅಲ್ಲಿ ಒಂದು ಖಾನಾವಳಿಯ ಹಿತ್ತಲ ಬಾಗಿಲಲ್ಲಿ, ಕೈಯಲ್ಲಿ ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದೆ. ಹಂಚಿನ ಮುಂದೆ ಅಕ್ಕ ಕೂತಿದ್ದಳು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನನಗೆ ಯಲಬುರ್ಗಾಕ್ಕೆ ವರ್ಗವಾಗಿತ್ತು. ಮನೆಯವರು ಇರಕಲ್ಲಗಡದ ಸಾಲೆಯಲ್ಲಿ ಮಾಸ್ತರರು. ಬೆಳಿಗ್ಗೆ ಬಸ್ಸು ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಮಗಳಿಗೆ ಆಗ ಮೂರು ವರ್ಷ. ನಾವು ಬಾಡಿಗೆಗೆ ಹಿಡಿದ ಮನೆ ಆ ಖಾನಾವಳಿಯ ಬೆನ್ನಿಗೇ ಇತ್ತು. ಮನೆಗೆಲಸ, ಮಗು, ಕಚೇರಿ ಎಲ್ಲ ಮುಗಿಸಿ ರೊಟ್ಟಿ ಬಡಿಯುವ ತ್ರಾಣ ನನಗೆ ಉಳಿಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಹಿತ್ತಲ ಬಾಗಿಲಿಗೆ ಹೋಗಿ ಆರು ರೊಟ್ಟಿ ತರುತ್ತಿದ್ದೆ. ಖಾನಾವಳಿ ನಡೆಸುತ್ತಿದ್ದವಳನ್ನು ಊರೆಲ್ಲ ಅಕ್ಕ ಎನ್ನುತ್ತಿತ್ತು. ಆಕೆಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು.

"ನಿಮ್ಮೂರು ಯಾವುದ್ರಿ ಅಕ್ಕಾ?" ಎಂದು ಮೊದಲ ವಾರ ಕೇಳಿದ್ದೆ.

"ಮಂಗಳೂರು."

ನಾನು ಹುಬ್ಬೇರಿಸಿದ್ದನ್ನು ನೋಡಿ ನಕ್ಕಳು. "ಸಮುದ್ರದ ಮಂಗಳೂರಲ್ಲ ಯವ್ವಾ. ಇಲ್ಲೇ ನಮ್ಮ ಮಗ್ಗಲದ್ದು. ನಮ್ಮೂರಾಗ ಮೀನಲ್ಲ, ಜ್ವಾಳ ಬೆಳಿತೈತಿ."

ಗಂಡನ ಮಾತು ಆಕೆ ಎತ್ತಲಿಲ್ಲ, ನಾನು ಕೇಳಲಿಲ್ಲ.

ಚಿತ್ರದ ಹುಚ್ಚು ನನಗೆ ಹುಡುಗಿಯಾಗಿದ್ದಾಗಿನಿಂದ. ಕುಷ್ಟಗಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಪರೀಕ್ಷೆಗಳನ್ನು ಕಟ್ಟಿ ಪಾಸಾಗಿದ್ದೆ. ಮದುವೆಯಾದ ಮೇಲೆ ನೋಟ್‌ಬುಕ್ಕು, ಪೆನ್ಸಿಲ್ಲು ಎಲ್ಲ ಟ್ರಂಕಿನ ತಳ ಸೇರಿದವು. ಬಿಟ್ಟೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಬರುವ ರವಿವಾರ ಕೂಡಬೇಕು ಎನ್ನುತ್ತಿದ್ದೆ. ಒಂದು ಮೇಜು, ಒಳ್ಳೆಯ ಬೆಳಕು, ಯಾರೂ ಕರೆಯದ ಎರಡು ತಾಸು. ಅಂಥ ರವಿವಾರ ಐದು ವರ್ಷದಲ್ಲಿ ಒಂದೂ ಬರಲಿಲ್ಲ. ಇನ್ನು ಬರುವುದಿಲ್ಲ ಎಂದು ಒಳಗೊಳಗೇ ಗೊತ್ತಾಗತೊಡಗಿತ್ತು. ಪೆನ್ಸಿಲ್ಲು ಹಿಡಿದರೂ ಈಗ ಕೈ ಬರಲಿಕ್ಕಿಲ್ಲ ಎಂಬ ಅಂಜಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಒಂದು ಬೆಳಿಗ್ಗೆ ಗಿರಾಕಿ ಹೆಚ್ಚಿದ್ದರು, ನನ್ನ ರೊಟ್ಟಿಗೆ ತಡವಾಯಿತು. ಒಲೆಯ ಪಕ್ಕದ ಕಡಪಾ ಕಲ್ಲಿನ ಮೇಲೆ ಜೋಳದ ಹಿಟ್ಟು ತೆಳ್ಳಗೆ ಹರಡಿತ್ತು. ಬಾಗಿಲಲ್ಲಿ ಅಕ್ಕನ ಬೆಕ್ಕು ಮುದುಡಿ ಮಲಗಿತ್ತು. ಸುಮ್ಮನೆ ನಿಂತವಳು ಹಿಟ್ಟಿನಲ್ಲಿ ಬೆರಳಾಡಿಸಿ ಅದನ್ನು ಬರೆದೆ. ನನಗೇ ಗೊತ್ತಿಲ್ಲದ ಹಾಗೆ.

ಅಕ್ಕ ಕಲ್ಲು ಒರೆಸಲು ಅರಿವೆ ಎತ್ತಿದವಳು ಕೈ ತಡೆದಳು. "ಇದನ್ನ ಯಾರು ತಗದ್ರು?"

"ನಾನ ರೀ ಅಕ್ಕಾ, ಸುಮ್ಮನ... ಒರಿಸ್ರಿ."

"ಬೆಕ್ಕಿಗೆ ಮೀಸಿನ ಇಲ್ಲಲ್ಲ!"

ನಾನು ಮೀಸೆ ಬರೆದೆ. ಆಕೆ ಒರೆಸಲಿಲ್ಲ. ಅವತ್ತು ಮಧ್ಯಾಹ್ನ ಊಟದ ಗದ್ದಲ ಮುಗಿಯುವ ತನಕ ಆ ಕಲ್ಲಿನ ಅರ್ಧದಲ್ಲೇ ಕೆಲಸ ಮಾಡಿದಳಂತೆ. ಸಂಜೆ ಹೇಳಿದಳು, "ನಿನ್ನ ಬೆಕ್ಕು ಇವತ್ತು ನನ್ನ ಜಾಗಾ ತಿಂತು ನೋಡು."

ಮರುದಿನ ಕೇಳಿದಳು, ಇಷ್ಟು ಬರುತ್ತಿದ್ದರೆ ಯಾಕೆ ಚಿತ್ರ ತೆಗೆಯುವುದಿಲ್ಲ ಎಂದು. ನಾನು ಎಲ್ಲರೂ ಹೇಳುವ ಮಾತನ್ನೇ ಹೇಳಿದೆ: ಹೊತ್ತು ಸಿಗುವುದಿಲ್ಲ.

"ಎಷ್ಟು ಹೊತ್ತು ಬೇಕಾಗತೈತಿ?"

"ಎರಡು ತಾಸರೆ ಬೇಕ್ರಿ ಅಕ್ಕಾ."

"ಎರಡು ತಾಸು!" ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. "ನಾ ಹುಟ್ಟಿದಾಗಿಂದ ನನಗ ಯಾರೂ ಎರಡು ತಾಸು ಕೊಟ್ಟಿಲ್ಲ. ಇಲ್ಲಿ ನಿಂದ್ರು. ನನ್ನ ಕೈ ನೋಡು."

ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಮೇಲೆ ಒದ್ದೆ ಅರಿವೆಯಿಂದ ನೀರು ಸವರಿದಳು. ಆ ನೀರು ಆರುವ ತನಕ ರೊಟ್ಟಿ ತಿರುವಿ ಹಾಕುವ ಹಾಗಿಲ್ಲ. ಆರಿದ ಮೇಲೆ ತಡ ಮಾಡುವ ಹಾಗೂ ಇಲ್ಲ. ಅಷ್ಟರೊಳಗೆ ಆಕೆ ಮುಂದಿನ ಮುದ್ದೆ ಹಿಟ್ಟು ಮುರಿದುಕೊಂಡಳು, ಬದನೆಕಾಯಿ ಕೈಯಾಡಿಸಿದಳು, ಒಲೆಯ ಕಟ್ಟಿಗೆ ಮುಂದೆ ತಳ್ಳಿದಳು, ಹೊರಗಿನಿಂದ ಉಳ್ಳಾಗಡ್ಡಿ ಕೇಳಿದವನಿಗೆ "ಬಂತಪಾ" ಎಂದಳು. ನೀರಾರಿತು. ರೊಟ್ಟಿ ತಿರುವಿದಳು.

"ಎಣಿಸಿದೇನು? ನನಗ ಸಿಗೂದು ಇಷ್ಟ ಹೊತ್ತು. ಇದ್ರಾಗ ನಾ ಒಂದು ಖಾನಾವಳಿ ನಡಸ್ತೀನಿ. ನೀ ಒಂದು ಗೆರಿ ಎಳಿಯಾಕ ಆಗಂಗಿಲ್ಲೇನು?"

"ಅರ್ಧಕ್ಕ ನಿಂತ್ರ?"

"ನಿಂದ್ರಲಿ. ನಾಳಿ ರೊಟ್ಟಿ ಇಲ್ಲೇನು?"

ಹಾಗೆ ಶುರುವಾಯಿತು. ಟ್ರಂಕಿನಿಂದ ನೋಟ್‌ಬುಕ್ಕು ತೆಗೆದೆ. ದೊಡ್ಡದಿತ್ತು; ಕೈಚೀಲಕ್ಕೆ ಹೋಗುವ ಹಾಗೆ ಅಕ್ಕನ ಈಳಿಗೆಯಲ್ಲೇ ಎರಡು ತುಂಡು ಮಾಡಿಸಿದೆ. ದಿನಾ ಬೆಳಿಗ್ಗೆ ನನ್ನ ಆರು ರೊಟ್ಟಿ ಬೇಯುವಷ್ಟರಲ್ಲಿ ಆರು ಸಲ ಪೆನ್ಸಿಲ್ಲು ಹಿಡಿಯುತ್ತಿದ್ದೆ. ನೀರು ಸವರಿದಳೆಂದರೆ ಶುರು, ತಿರುವಿದಳೆಂದರೆ ನಿಲ್ಲು. ಮೊದಮೊದಲು ಬರೀ ಗೀಚು. ಒಂದು ತಿಂಗಳಿಗೆ ತಂಬಿಗೆ ತಂಬಿಗೆಯ ಹಾಗೆ ಕಂಡಿತು. ಮಗಳು ಅಕ್ಕನ ಹಿಟ್ಟಿನ ಬುಟ್ಟಿಯಲ್ಲಿ ಕೈಯಾಡಿಸುತ್ತ ಕೂತಿರುತ್ತಿದ್ದಳು, ಅವಳನ್ನೂ ಬರೆದೆ. ಅಕ್ಕ ಒಂದು ಕಣ್ಣು ಹಂಚಿನ ಮೇಲೆ, ಒಂದು ಕಣ್ಣು ನನ್ನ ಹಾಳೆಯ ಮೇಲೆ ಇಟ್ಟು ತಪ್ಪು ಹಿಡಿಯುತ್ತಿದ್ದಳು. "ಆ ತಂಬಗಿ ಸೋರತೈತಿ ನೋಡು, ತಳಾನ ಇಲ್ಲ."

ಆಕೆಯನ್ನೇ ಬರೆಯುತ್ತೇನೆ ಎಂದರೆ ಮಾತ್ರ ಬಿಡುತ್ತಿರಲಿಲ್ಲ. "ಮಾರಿ ಬ್ಯಾಡ. ಬೇಕಾದ್ರ ಕೈ ತಗಿ." ಹೀಗಾಗಿ ಆಕೆಯ ಕೈಗಳನ್ನು ಬರೆದೆ. ಹಿಟ್ಟು ನಾದುವ ಕೈ, ಬಡಿಯುವ ಕೈ, ಬಿಸಿ ಹಂಚಿನಿಂದ ರೊಟ್ಟಿ ಎತ್ತುವ ಬೆರಳು.

ಮೂರು ವರ್ಷಕ್ಕೆ ಗಂಗಾವತಿಗೆ ವರ್ಗದ ಆದೇಶ ಬಂತು. ಅವತ್ತು ಅಕ್ಕ ತಾನಾಗಿಯೇ ಕೇಳಿದಳು, "ಹೋಗೂದ್ರಾಗ ನನ್ನ ಮಾರಿ ತಗಿತೀ ಏನು? ಇರೂದು ರೇಷನ್ ಕಾರ್ಡಿನ ಪಟ ಒಂದ. ಅದ್ರಾಗ ಕಳ್ಳಿಗತೆ ಕಾಣ್ತೀನಿ." ನಗುತ್ತಲೇ ಹೇಳಿದಳು. ಆದರೆ ಕಣ್ಣು ನಗುತ್ತಿರಲಿಲ್ಲ.

ಅಮಾವಾಸ್ಯೆಗೆ ಖಾನಾವಳಿ ಬಂದ್ ಇರುತ್ತಿತ್ತು. ಅವತ್ತು ಕೂಡುವುದೆಂದಾಯಿತು. ನಾನು ಹೋದಾಗ ಅಕ್ಕ ಇಲಕಲ್ಲ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಕುಂಕುಮ ದೊಡ್ಡದಾಗಿ ಇಟ್ಟು, ಗಿರಾಕಿಗಳ ಬೆಂಚಿನ ಮೇಲೆ ಕೈ ಕಟ್ಟಿ ಕೂತಿದ್ದಳು. ಮನೆಯವರು ಮಗಳನ್ನು ಕರೆದುಕೊಂಡು ಹೋಗಿದ್ದರು. ಬೆಳಕು ಒಳ್ಳೆಯದಿತ್ತು, ಊಟದ ಮೇಜೂ ಇತ್ತು. ನಾನು ವರ್ಷಗಟ್ಟಲೆ ಬೇಡಿಕೊಂಡಿದ್ದ ಆ ಎರಡು ತಾಸು ಕೊನೆಗೂ ಸಿಕ್ಕಿತ್ತು.

ಚಿತ್ರ ಬರಲಿಲ್ಲ. ಬರೆದೆ, ಅಳಿಸಿದೆ, ಹಾಳೆ ತಿರುವಿದೆ, ಮತ್ತೆ ಬರೆದೆ. ಮೂಗು ಸರಿಯಿತ್ತು, ಹಣೆ ಸರಿಯಿತ್ತು. ಎಲ್ಲ ಕೂಡಿ ಬೇರೆ ಯಾರೋ ಆಗುತ್ತಿತ್ತು. ಅಕ್ಕ ಬೆವರುತ್ತಿದ್ದಳು, ನಾನೂ. ಕೊನೆಗೆ ತೋರಿಸಿದೆ. ಆಕೆ ಹಾಳೆಯನ್ನು ದೂರ ಹಿಡಿದು ನೋಡಿದಳು.

"ಇಕಿ ಯಾರ ಯವ್ವಾ? ಬೀಗರ ಮನಿಗೆ ಬಂದಾಕಿಗತೆ ಕುಂತಾಳ."

ನನಗೆ ಅಳು ಬಂತು. ನಾಳೆಯೇ ಸಾಮಾನು ಕಟ್ಟಿ ಹೊರಡುವುದಿತ್ತು. ಮೂರು ವರ್ಷ ಉಣ್ಣಿಸಿದವಳು ಒಂದೇ ಒಂದು ಕೇಳಿದ್ದಳು, ಅದನ್ನು ಕೊಡಲು ನನ್ನಿಂದ ಆಗಲಿಲ್ಲ.

ಅಕ್ಕ ಎದ್ದಳು. ಹೊಸ ಸೀರೆಯ ಸೆರಗನ್ನೇ ಸೊಂಟಕ್ಕೆ ಸಿಗಿಸಿದಳು. "ಅಳಬ್ಯಾಡ. ಕುಂತ ಕುಂತು ನನಗೂ ನಾನು ಯಾರಂತ ಮರತು ಹೋಗಿತ್ತು. ನಾಳಿ ದಾರಿಗೆ ನಿಮಗ ಬುತ್ತಿ ಬೇಕಲ್ಲ? ಒಲಿ ಹಚ್ತೀನಿ. ನೀ ನಿಂದ್ರೋ ಜಾಗಾದಾಗ ನಿಂದ್ರು."

ಹಿತ್ತಲ ಬಾಗಿಲಿಗೆ ನಿಂತೆ. ಆಕೆ ಹಿಟ್ಟು ಬಡಿದಳು, ಹಂಚಿಗೆ ಹಾಕಿದಳು, ನೀರು ಸವರಿದಳು. ನಾನು ಬರೆದೆ. ತಿರುವಿದಳು, ನಿಲ್ಲಿಸಿದೆ. ಒಂದು ರೊಟ್ಟಿಗೆ ಕೆನ್ನೆ, ಒಂದಕ್ಕೆ ಒಲೆಯ ಕಾವಿಗೆ ಕಿರಿದಾದ ಕಣ್ಣು, ಒಂದಕ್ಕೆ ಬಿಗಿದ ತುಟಿ. ಎಷ್ಟು ರೊಟ್ಟಿಯಾದವೋ... ಹಂಚಿನತ್ತ ಚಾಚಿದ ಆಕೆಯ ಕೈ ಆ ಹಾಳೆಯಲ್ಲಿ ಹಿಡಿಸಲಿಲ್ಲ, ಎದುರಿನ ಹಾಳೆಗೆ ಹರಿಯಿತು. ಅಕ್ಕ ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು.

"ನಾನ ಅದೀನಿ," ಎಂದಳು. ಅಷ್ಟೇ.

ಆಗ ವಾಸನೆ ಬಂತು. ಮೂರು ವರ್ಷದಲ್ಲಿ ಆಕೆಯ ಹಂಚಿನ ಮೇಲೆ ಒಂದು ರೊಟ್ಟಿ ಸೀದದ್ದನ್ನು ನಾನು ಕಂಡಿರಲಿಲ್ಲ. ಸೀದ ರೊಟ್ಟಿಯನ್ನು ಯಾರ ತಾಟಿಗೂ ಹಾಕಬಾರದು, ಬಡಿದವಳೇ ತಿನ್ನಬೇಕು ಎಂಬುದು ಆಕೆಯ ಖಾನಾವಳಿಯ ರಿವಾಜು. ಕರಕನ್ನು ಕೆರೆದು ರೊಟ್ಟಿಯನ್ನು ಎರಡು ತುಂಡು ಮಾಡಿದಳು. "ಇದ್ರಾಗ ನಿಂದೂ ತಪ್ಪೈತಿ," ಎಂದು ಅರ್ಧ ನನ್ನ ಕೈಗಿಟ್ಟಳು. ಕೆಂಪು ಖಾರ ಹಚ್ಚಿಕೊಂಡು ಇಬ್ಬರೂ ನಿಂತೇ ತಿಂದೆವು.

ಮುಖವಿದ್ದ ಹಾಳೆಯನ್ನು ಹರಿದು ಆಕೆಗೇ ಕೊಟ್ಟೆ. ಹಸಿ ಹಿಟ್ಟು ಮೆತ್ತಿ ಅದನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿದಳು. ಹೊಗೆಗೆ ಹಾಳಾಗುತ್ತದೆ ಎಂದೆ. "ನಾನೂ ಹೊಗಿಯಾಗ ಇರಾಕಿ," ಎಂದಳು.

ಗಂಗಾವತಿಗೆ ಹೋದೆ, ಆಮೇಲೆ ಕುಷ್ಟಗಿ, ಆಮೇಲೆ ಕೊಪ್ಪಳ. ನೋಟ್‌ಬುಕ್ಕು ಮಾತ್ರ ಬಿಡಲಿಲ್ಲ. ಕೊಡ ತುಂಬುವಷ್ಟರಲ್ಲಿ, ಕುಕ್ಕರಿನ ಮೂರು ಸೀಟಿಯೊಳಗೆ, ಸರ್ವರ್ ಬರುವ ತನಕ. ಒಮ್ಮೆ ಸಾಹೇಬರು ಬೆನ್ನ ಹಿಂದೆ ಬಂದು ನಿಂತು, "ಇದು ಯಾವ ಸರ್ವೇ ನಂಬರಿನ ನಕಾಶಿ ರೀ ಮೇಡಂ?" ಎಂದು ಕೇಳಿದ್ದರು. ಅತ್ತೆಯವರು ಹಾಸಿಗೆ ಹಿಡಿದಾಗ, ಅವರ ಗಂಜಿ ಆರುವಷ್ಟು ಹೊತ್ತಿನಲ್ಲಿ ದಿನಾ ಅವರ ಮುಖ ಬರೆದೆ. ಆ ಹಾಳೆಗಳನ್ನು ಮನೆಯವರು ಈಗಲೂ ಒಮ್ಮೊಮ್ಮೆ ಕೇಳಿ ತೆಗೆಸಿ ನೋಡುತ್ತಾರೆ. ಮಗಳ ಎರಡು ಜಡೆ, ಒಂದು ಜಡೆ, ಲಗ್ನದ ಹಿಂದಿನ ದಿನ ಮೆಹಂದಿ ಆರಲೆಂದು ಚಾಚಿಕೊಂಡು ಕೂತ ಕೈ... ಎಲ್ಲ ಆ ಟ್ರಂಕಿನಲ್ಲಿವೆ. ಯಾವುದೂ ಚೌಕಟ್ಟು ಕಂಡಿಲ್ಲ. ಆದರೆ ಅಕ್ಕ ಇಲ್ಲದಿದ್ದರೆ ಇದರಲ್ಲಿ ಒಂದೂ ಇರುತ್ತಿರಲಿಲ್ಲ.

ಒಂದು ಮಾತು ಮಾತ್ರ ಬರೆಯಲು ಕಷ್ಟ. ಕೊಪ್ಪಳದಿಂದ ಯಲಬುರ್ಗಾಕ್ಕೆ ದಿನಾ ಬಸ್ಸುಗಳಿವೆ. ಒಮ್ಮೆ ಮಗಳನ್ನೂ ಕರೆದುಕೊಂಡು ಹೋಗಬೇಕು, ಇಟಗಿಯ ಗುಡಿ ನೋಡಿಕೊಂಡು, ಇಡೀ ದಿನ ಅಕ್ಕನ ಹತ್ತಿರ ಕೂತು ಬರಬೇಕು ಎಂದುಕೊಳ್ಳುತ್ತಲೇ ಇದ್ದೆ. ಬರುವ ರವಿವಾರ, ಬರುವ ರವಿವಾರ. ಚಿತ್ರಕ್ಕೆ ಹೊತ್ತು ಹುಡುಕುವುದನ್ನು ಆಕೆಯಿಂದ ಕಲಿತವಳು, ಆಕೆಯನ್ನು ನೋಡುವುದಕ್ಕೆ ಮಾತ್ರ ಪೂರ್ತಿ ಒಂದು ದಿನ ಬೇಕೆಂದು ಕಾಯುತ್ತ ಕೂತೆ. ನಿಂತ ಕಾಲಲ್ಲಿ ಹೋಗಿ ಅರ್ಧ ರೊಟ್ಟಿ ತಿಂದು ಬಂದಿದ್ದರೂ ಸಾಕಿತ್ತು.

ಎರಡು ವರ್ಷದ ಹಿಂದೆ ಕಚೇರಿ ಕೆಲಸಕ್ಕೆ ಹೋದಾಗ ಆ ಓಣಿಗೆ ಕಾಲಿಟ್ಟೆ. ಖಾನಾವಳಿಯ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. "ಅಕ್ಕಾರ? ತೀರಿಕೊಂಡು ಭಾಳ ವರ್ಷ ಆತಲ್ರಿ," ಎಂದ ಅಂಗಡಿಯವನು. ಹಳೆಯ ಗೋಡೆಯ ಬಗ್ಗೆ ಕೇಳಿದೆ. "ಎಲ್ಲಾ ಕೆಡವಿ ಹೊಸಾದು ಕಟ್ಟ್ಯಾರ್ರಿ."

ಇವತ್ತು ಹಂಚು ಇಳಿಸಿದ ಮೇಲೆ ಆ ಹಳೆಯ ಅರ್ಧ ನೋಟ್‌ಬುಕ್ಕು ತೆಗೆದು ನೋಡಿದೆ. ಹರಿದ ಹಾಳೆಯ ಗುರುತು ಹೊಲಿಗೆಯ ಹತ್ತಿರ ಹಾಗೇ ಇದೆ. ಅದರ ಎದುರಿನ ಹಾಳೆಗೆ ಹರಿದು ಬಂದ ಅಕ್ಕನ ಕೈ ಇದೆ, ಮಣಿಕಟ್ಟಿನ ತನಕ. ಬೆರಳುಗಳ ಕೆಳಗೆ ಹಂಚಿನ ಅಂಚು. ಮುಖ ಬೇಡ, ಕೈ ತೆಗೆ ಎಂದಿದ್ದಳು. ಕೊನೆಗೆ ನನ್ನ ಪಾಲಿಗೆ ಅದೇ ಉಳಿಯಿತು.

ಊಟಕ್ಕೆ ಹೆಸರುಕಾಳು, ಪುಂಡಿಪಲ್ಯ, ಸೌತೆಕಾಯಿ, ರೊಟ್ಟಿ. ಸೀದದ್ದನ್ನು ನನ್ನ ತಾಟಿಗೆ ಹಾಕಿಕೊಂಡು ಎರಡು ತುಂಡು ಮಾಡಿದೆ.

"ಅರ್ಧ ನನಗ ಕೊಡು," ಎಂದು ಮನೆಯವರು ಕೈ ಚಾಚಿದರು.

"ಬ್ಯಾಡ್ರಿ. ಇದಕ್ಕ ಪಾಲುದಾರರು ಬ್ಯಾರೆ ಅದಾರ."

ಅವರು ನನ್ನ ಮುಖ ನೋಡಿ, ಚಾಚಿದ ಕೈಯಿಂದ ಸೌತೆಕಾಯಿ ಎತ್ತಿಕೊಂಡರು. ಒಂದರ್ಧ ತಿಂದೆ. ಸ್ವಲ್ಪ ತಡೆದು ಇನ್ನೊಂದರ್ಧವನ್ನೂ ನಾನೇ ತಿಂದೆ. ಮನೆಯವರು ಮೊದಲು ಮಲಗಿದರು. ಒರೆಸಿದ ಅಡುಗೆ ಕಟ್ಟೆಯ ನೀರು ಆರುವಷ್ಟರಲ್ಲಿ ನಾನು ಪುಂಡಿ ಎಲೆಯ ಉಳಿದ ಹಲ್ಲುಗಳನ್ನು ಬರೆದು ಮುಗಿಸಿ, ಆಮೇಲೆ ಮಲಗಿದೆ.