ಬ್ಯಾಗು ಕುಳಿತು ಬಂತು

ಗೆಳೆಯರೇ, ರಜೆ ಮುಗಿಸಿ ಮನೆಗೆ ಹೊರಟವರಿಂದ ಹಳಿಯಾಳ ಬಸ್‌ಸ್ಟ್ಯಾಂಡ್ ಇವತ್ತು ಕಿಕ್ಕಿರಿದಿತ್ತು. ಮುಂಡಗೋಡ ಬಸ್ ಬಂದ ಕೂಡಲೇ, ಸೀಟು ಹಿಡಿಯಲು ಕಿಟಕಿಯಿಂದ ಬ್ಯಾಗು ಎಸೆದೆ. ಮನೆಯ ಕೀಲಿ ಅದರಲ್ಲೇ ಇತ್ತು. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ನಾನು ಹತ್ತುವ ಮೊದಲೇ ಬಸ್ ಹೊರಟುಹೋಯಿತು.

ಸಿಕ್ಕ ಟೆಂಪೋದಲ್ಲಿ ಒಂಟಿಗಾಲಲ್ಲಿ ನಿಂತು ಮುಂಡಗೋಡ ಮುಟ್ಟಿದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಿ ನನ್ನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನನ್ನ ಗಾಬರಿ ನೋಡಿಯೇ ಕೇಳಿದರು:

"ಬ್ಯಾಗ್ ನಿಂದೇನಪಾ? ನಾ ಬಾಜೂ ಸೀಟಿನ್ಯಾಗ ಇದ್ದೆ. ಬ್ಯಾಗ್ ಒಗದವ್ರದ ಸೀಟು ಅಂತ ಯಾರಿಗೂ ಕೂಡಾಕ ಬಿಟ್ಟಿಲ್ಲ ನೋಡು."

"ಕಂಡಕ್ಟರ್ ಏನೂ ಅನ್ನಲಿಲ್ಲೇನಬೇ?"

"ಅವನೂ ನಿಂತ ಬಂದಾನ, ಪಾಪ."

ಮುಂದಿನ ರಜೆಗೆ ಕಿಟಕಿಯಿಂದ ನಾನೇ ಒಳಗೆ ಬೀಳುತ್ತೇನೆ. ಬ್ಯಾಗು ಟೆಂಪೋದಲ್ಲಿ ಬರಲಿ.